ಆತ್ ಬಿಡವಾ

ನಮ್ಮ ಕಡೆ ‘ಆತ್ ಬಿಡ್ರಿ’ ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ನಗುತ್ತ ಅಂದರೆ ಒಪ್ಪಿಗೆ. ಮುಖ ತಿರುಗಿಸಿ ಅಂದರೆ, ನಿಮ್ಮ ಉಪಕಾರ ಸಾಕು ಎಂದು. ಸಿಂಧನೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ನಮ್ಮ ಆಫೀಸಿನ ಏಜೆಂಟಿಗೆ ಯಾರೂ ಕಲಿಸಲೂ ಇಲ್ಲ.

ಭತ್ತ ಕೊಯ್ಯುವ ಮಷೀನುಗಳನ್ನು ಬಾಡಿಗೆಗೆ ಕಳಿಸುವ ಆಫೀಸು ಅದು. ಯಾರ ಗದ್ದೆಗೆ ಯಾವಾಗ ಮಷೀನು ಬರುತ್ತದೆ ಎಂದು ಫೋನಿನಲ್ಲಿ ಹೇಳುವ ಕೆಲಸ ನನ್ನದಾಗಿತ್ತು. ಜವಳಗೇರಾ, ಬಳಗಾನೂರು ಕಡೆಯ ರೈತರಿಗೆ ನನ್ನ ಮುಖ ಗೊತ್ತಿಲ್ಲದಿದ್ದರೂ ದನಿ ಗೊತ್ತು. ಕೊಯ್ಲು ಶುರುವಾದರೆ ಊಟಕ್ಕೂ ಬಿಡದ ಫೋನು. ಹಾಗಾಗಿ ಮಾಲೀಕರು ಎಐ ಏಜೆಂಟ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ತರಿಸುತ್ತೇನೆ ಎಂದಾಗ ನನಗೆ ಖುಷಿಯೇ ಆಯಿತು. ಅದು ತಾನೇ ಫೋನ್ ಹಚ್ಚುತ್ತದೆ, ಪಾಳಿ ಬದಲಿಸುತ್ತದೆ, ಡ್ರೈವರಿಗೆ ದಾರಿ ಕಳಿಸುತ್ತದೆ, ಯಾರನ್ನೂ ಕೇಳುವುದಿಲ್ಲ. ಏಜೆಂಟ್ ಅಂದರೆ ಭತ್ತದ ದಲ್ಲಾಳಿ ಎಂದೇ ತಿಳಿದ ಡ್ರೈವರೊಬ್ಬ, ‘ಅಂವಗ ಕಮಿಷನ್ ಎಷ್ಟ್ರೀ?’ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ.

ಅದಕ್ಕೊಂದು ದನಿ ಬೇಕಿತ್ತು. ‘ಮಂದಿಗೆ ನಿಮ್ಮ ದನಿ ರೂಢಿ ಐತ್ರಿ, ನಿಮ್ದೇ ಕೊಡ್ರಿ,’ ಎಂದರು ಮಾಲೀಕರು. ಉಬ್ಬಿಹೋಗಿ ಕೊಟ್ಟೆ.

ಈಗ ಅದರ ಪಕ್ಕ ಕೂರುವುದೇ ನನ್ನ ಕೆಲಸ. ಅದು ಮಾತಾಡಿ ಮುಗಿಸಿದ ಮೇಲೆ ನಾನು ನೋಡಿ ‘ಸರಿ’ ಎಂದು ಒತ್ತಬೇಕು. ತಪ್ಪಿದ್ದರೂ ಅಷ್ಟರಲ್ಲಿ ಮಷೀನು ಹೊರಟಿರುತ್ತದೆ. ಬೈಗುಳ ಮಾತ್ರ ನನಗೆ. ಸಂತೆಯಲ್ಲಿ ಬದನೆಕಾಯಿ ಕೇಳಿದರೆ ಪಕ್ಕದವರು ತಿರುಗಿ, ‘ಅಯ್ಯ, ನೀವಾ? ಮಷೀನ್ ಕಳಸ್ತೀನಿ ಅಂದು ಎಲ್ಲಿ ಹೋಗಿದ್ರಿ?’ ಎಂದು ಜಗಳಕ್ಕೇ ನಿಲ್ಲುತ್ತಾರೆ. ನಾನಲ್ಲ ಎನ್ನಲು ಬಾಯಿ ತೆರೆದರೆ ಅದೇ ದನಿ! ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಊರಿನ ಹೆಸರನ್ನು ಕಂಡಕ್ಟರಿಗೆ ಪಿಸುಗುಡುತ್ತೇನೆ.

ಗೊರೇಬಾಳದ ಚಿಗವ್ವ, ನನ್ನ ತಾಯಿಯ ತಂಗಿ, ನನ್ನನ್ನು ಸಾಕಿದವಳು. ಅವಳ ಗದ್ದೆಗೆ ಮಷೀನು ಹೋಗಬೇಕಿದ್ದ ಮುಂಜಾನೆ ಏಜೆಂಟ್ ಅವಳಿಗೆ ಫೋನ್ ಮಾಡಿತು. ಅದರ ರೆಕಾರ್ಡಿಂಗ್ ನಾನು ಆಮೇಲೆ ಕೇಳಿದೆ.

‘ಜವಳಗೇರಾದಾಗ ದೊಡ್ಡ ಕೆಲಸ ಬಂದೈತ್ರಿ. ನಿಮ್ಮ ಪಾಳಿ ಎರಡು ದಿನ ಮುಂದಕ್ಕ ಹಾಕ್ಲೇನ್ರಿ?’ ಇದು ನನ್ನ ದನಿ.

‘ಯಾಕವಾ, ನನಗೂ ರೀ ಅನ್ನಾಕತ್ತೀಯಲ್ಲ? ಮಳಿ ಮಾಡ ಕಟ್ಟೈತಿ, ಭತ್ತ ನಿಂತೈತಿ, ನಿನಗ ಗೊತ್ತಿಲ್ಲೇನು?’

‘ನಿಮ್ಮ ತೊಂದರಿ ಅರ್ಥ ಆಗ್ತದ್ರಿ. ಮುಂದಕ್ಕ ಹಾಕ್ಲೇನ್ರಿ?’

ಚಿಗವ್ವನ ದನಿಯಲ್ಲಿ ನಗುವಿರಲಿಲ್ಲ. ‘ಆತ್ ಬಿಡವಾ,’ ಎಂದಳು.

‘ಒಪ್ಪಿದ್ದಕ್ಕ ಧನ್ಯವಾದ ರೀ,’ ಎಂದಿತು ನನ್ನ ದನಿ, ನಗುನಗುತ್ತ.

ಮಷೀನು ಜವಳಗೇರಾಕ್ಕೆ ಹೋಯಿತು. ಮರುದಿನ ಮಳೆ ಬಂದು ಚಿಗವ್ವನ ಭತ್ತ ನೆಲಕ್ಕೆ ಮಲಗಿತು. ನಾನು ಫೋನ್ ಮಾಡಿದರೆ ದನಿ ಕೇಳಿದ ಕೂಡಲೇ ಕಟ್ ಮಾಡುತ್ತಾಳೆ. ನನಗೆ ಅಳುವೇ ಬಂತು.

ನನ್ನ ದನಿ ತೆಗೆದುಬಿಡಿ ಎಂದು ಮಾಲೀಕರನ್ನು ಕೇಳಿಕೊಂಡೆ. ‘ಸೀಜನ್ ನಡುವ ಬದಲಿ ಮಾಡಿದ್ರ ಮಂದಿ ನಂಬಂಗಿಲ್ರಿ,’ ಎಂದರು. ಆಮೇಲೆ ನನ್ನ ಮುಖ ನೋಡಿ ಪಾಪ, ಸಮಾಧಾನಕ್ಕೆಂದು, ‘ಚಿಂತಿ ಮಾಡಬ್ಯಾಡ್ರಿ. ನಾಳೆ ನೀವು ಕೆಲಸ ಬಿಟ್ರೂ ಅದು ಇರ್ತೈತ್ರಿ,’ ಎಂದರು. ರಾಜೀನಾಮೆ ಕೊಟ್ಟು ನಾನು ಮನೆಗೆ ಹೋಗಬಹುದು, ದನಿ ಅಲ್ಲಿಯೇ ದುಡಿಯುತ್ತಿರುತ್ತದೆ.

ಭಾನುವಾರ ಗೊರೇಬಾಳಕ್ಕೆ ಹೋದೆ. ಚಿಗವ್ವ ಅಂಗಳದಲ್ಲಿ ಹಸಿ ಭತ್ತ ಹರವುತ್ತಿದ್ದಳು. ಬೆನ್ನ ಹಿಂದೆ ನಿಂತು, ‘ಚಿಗವ್ವಾ, ಫೋನಿನಾಗ ಮಾತಾಡಿದ್ದು ನಾನಲ್ಲ. ಕಂಪ್ಯೂಟರ್ ನನ್ನ ದನಿ ತಗೊಂಡು ಮಾತಾಡೇತಿ,’ ಎಂದೆ.

ಅವಳ ಕೈ ಒಂದು ಕ್ಷಣ ನಿಂತಿತು. ತಿರುಗಿ ನೋಡಲಿಲ್ಲ.

‘ಆತ್ ಬಿಡವಾ,’ ಎಂದಳು.

ಯಾವ ಅರ್ಥದಲ್ಲಿ ಅಂದಳೋ, ನನಗೂ ತಿಳಿಯಲಿಲ್ಲ.