ಹಾಕಿದವರೇ ತೆಗೆಯಬೇಕು

ನೀರಿಗಾಗಿ ಜನ ಜನರನ್ನೇ ಬೇಟೆಯಾಡುವ ಸಿನಿಮಾಕ್ಕೆ ಸೆಟ್ಟಿನ ಸಾಮಾನು ಒದಗಿಸಿದವನು ನಾನು. ಪಾಳುಮನೆಯ ಗೋಡೆಗೆ ಸತ್ತ ಅಜ್ಜಿಯ ಫೋಟೋ ಬೇಕಿತ್ತು. ಸ್ಟೇಷನ್ ರಸ್ತೆಯ ಸ್ಟುಡಿಯೊದಿಂದ ಯಾರದೋ ಹಳೇ ಫೋಟೋ ತಂದು, ಮಾಲೆ ಹಾಕಿ ತೂಗುಬಿಟ್ಟಿದ್ದೆ.

ಸಿನಿಮಾ ಓಡಿತು. ಈಗ ಅದರ ಹಿಂದಿನ ಕಥೆ ತೆಗೆಯುತ್ತಾರಂತೆ. ಅದರಲ್ಲಿ ಅಜ್ಜಿ ಇನ್ನೂ ಬದುಕಿರುತ್ತಾಳೆ, ಅಂಥದೇ ಮುಖ ಹುಡುಕು ಎಂದರು ನಿರ್ದೇಶಕರು. ಸ್ಟುಡಿಯೊದವನನ್ನು ಕೇಳಿದೆ.

"ಅಂಥಾ ಮುಖ ಯಾಕ್ರಿ? ಆಕಿನ ಗಟ್ಟಿಮುಟ್ಟ ಅದಾಳ, ಸಾರವಾಡದಾಗ."

ವಿಳಾಸ ಕೇಳಿಕೊಂಡು ಹೋದೆ. ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಫೋನಿನಲ್ಲಿ ಆ ದೃಶ್ಯ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಮಾಲಿ ಯಾರು ಹಾಕಿದ್ದು?"

"ನಾನ, ಯವ್ವಾ."

"ಹಾಕಿದವ್ರ ತಗೀಬೇಕು, ಯಪ್ಪಾ."

ಅದನ್ನು ಆವತ್ತೇ ತೆಗೆದಾಯಿತು ಎಂದೆ.

"ಇಲ್ಲೇ ಕಾಣಾಕತ್ತೈತಲ್ಲೋ" ಎಂದು ಫೋನಿನ ಮೇಲೆ ಬೆರಳಿಟ್ಟಳು. ನಟಿಸಲು ಒಪ್ಪಲಿಲ್ಲ, ನನ್ನ ನಂಬರು ಮಾತ್ರ ಇಸಕೊಂಡಳು.

ಟೀವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ಅವಳ ಫೋನು. "ಯಪ್ಪಾ, ಇನ್ನಾ ತಗದಿಲ್ಲಲ್ಲೋ?" ಎಂಥಾ ಕಾಟ ಎಂದು ಬೈದುಕೊಳ್ಳುತ್ತಿದ್ದೆ.

ಮೊನ್ನೆ ಸಿನಿಮಾ ಮತ್ತೆ ಬಂತು. ಮಾಲೆಯ ದೃಶ್ಯವೂ ಬಂದು ಹೋಯಿತು. ಫೋನು ಮಾತ್ರ ಬರಲಿಲ್ಲ. ನಾನೇ ಮಾಡಿ ಕೇಳೋಣವೆಂದರೆ, ಏನಂತ ಕೇಳುವುದು?