ಎರಡನೇ ಸಲದ ಕೊನೆಯ ಅಂಕಿ

ಬು ವಾರ್ಸಿಯೆಮ್ ನಮ್ಮ ಯೋಗ್ಯಕರ್ತ ನಗರದ ಆಫೀಸಿಗೆ ಬರುವ ಮೊದಲು ಇಪ್ಪತ್ತು ವರ್ಷ ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಹಾಕುವ ಬಾಟಿಕ್ ಬಟ್ಟೆಗಳಲ್ಲಿ ತಪ್ಪು ಹುಡುಕುತ್ತಿದ್ದವರು. ಹಿರಿಯ ಹೆಂಗಸರನ್ನು ನಮ್ಮಲ್ಲಿ 'ಬು' ಎನ್ನುತ್ತಾರೆ, ನನ್ನಂಥ ಗಂಡಸರನ್ನು 'ಮಾಸ್'. ಮೇಣ ಬಿರಿದ ಒಂದು ಚುಕ್ಕೆಯೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಆ ಕಾರ್ಖಾನೆ ಮುಚ್ಚಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ನಮ್ಮಲ್ಲಿ ಪರೀಕ್ಷೆಯ ಕೆಲಸಕ್ಕೆ ಸೇರಿದರು. ನಾವು ಕಟ್ಟುತ್ತಿದ್ದುದು ಎಮ್ಯುಲೇಟರ್, ಅಂದರೆ ಇನ್ನೂ ಕೈಗೆ ಬಾರದ ಪ್ರೊಸೆಸರಿನಂತೆಯೇ ನಟಿಸುವ ತಂತ್ರಾಂಶ. ಅದರಲ್ಲಿ ಲೆಕ್ಕಗಳನ್ನು ಓಡಿಸಿ ಬಂದ ಉತ್ತರವನ್ನು ಪುಸ್ತಕದಲ್ಲಿ ಬರೆದಿಡುವುದು ಅವರ ಕೆಲಸ.

ಒಂದು ದಿನ ಪುಸ್ತಕ ಹಿಡಿದು ನನ್ನ ಮೇಜಿಗೆ ಬಂದರು.

"ಮಾಸ್ ಹಂದೋಕೊ, ಮೊದಲನೇ ಸಲ ಸರಿಯಾಗೇ ಬರತ್ತೆ. ರೀಸೆಟ್ ಒತ್ತಿ ಮತ್ತೆ ಓಡಿಸಿದ್ರೆ ಕೊನೇ ಅಂಕಿ ಬೇರೆ ಬರತ್ತೆ, ನೋಡಿ."

ನಾನು ಪ್ರತಿ ಸಲವೂ ಎಮ್ಯುಲೇಟರನ್ನೇ ಮುಚ್ಚಿ, ತೆರೆದು, ಒಟ್ಟು ಮೂರು ಸಲ ಓಡಿಸಿದೆ. ಮೂರೂ ಸರಿ. ಅವರು ಹೇಳಿದಂತೆ ರೀಸೆಟ್ ಒತ್ತಿ ನೋಡುವ ವ್ಯವಧಾನ ನನಗೆಲ್ಲಿತ್ತು? ದೊಡ್ಡ ಮನುಷ್ಯನಲ್ಲವೇ!

"ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದಳಂತೆ. ಕಣ್ಣು ತೋರಿಸ್ಕೊಳ್ಳಿ, ಬು," ಎಂದೆ, ಎಲ್ಲರಿಗೂ ಕೇಳುವಂತೆ.

ಎಲ್ಲರೂ ನಕ್ಕರು. ಅವರೂ ನಕ್ಕರು. ಅವರು ಬರೆದ ಸಾಲಿನ ಮೇಲೆ ಕೆಂಪು ಗೆರೆ ಎಳೆದೆ. ತಿಂಗಳೊಳಗೆ, ನನ್ನದೇ ಸಲಹೆಯಂತೆ, ಅವರನ್ನು ಬಾಗಿಲ ಬಳಿ ಬಂದವರ ಹೆಸರು ಬರೆದುಕೊಳ್ಳಲು ಕೂರಿಸಿದರು.

ಉಪವಾಸದ ತಿಂಗಳಲ್ಲಿ ಬೇರೇನೋ ಹುಡುಕುತ್ತಾ ಎಮ್ಯುಲೇಟರಿಗೆ ನಾನೇ ಬರೆದ ಹಳೆಯ ಕೋಡ್ ಸಾಲುಗಳನ್ನು ತೆರೆದೆ. ರೀಸೆಟ್ ಆದಾಗ ದಶಮಾಂಶ ಲೆಕ್ಕದ ಸ್ಥಿತಿ ಹೊಸದಾಗಬೇಕು. ಕೊನೆಯ ಅಂಕಿಯನ್ನು ಮೇಲಕ್ಕೆ ಸರಿಸಬೇಕೋ ಕೆಳಕ್ಕೋ ಎಂಬ ಹಿಂದಿನ ನೆನಪು ಅಳಿಯಬೇಕು. ಬಿಡಿ ಲೆಕ್ಕಗಳಿಗೆ ಅದನ್ನು ಬರೆದಿದ್ದೆ. ಎಂಟು ಸಂಖ್ಯೆಗಳನ್ನು ಒಂದೇ ಏಟಿಗೆ ಕೂಡಿಸುವ ವೆಕ್ಟರ್ ಆದೇಶಗಳಿಗೆ ಬರೆಯಲು ಮರೆತಿದ್ದೆ. ಮೊದಲ ಪಂಕ್ತಿಯ ಎಂಜಲೆಲೆಯ ಮೇಲೇ ಎರಡನೆಯದಕ್ಕೂ ಬಡಿಸಿದ್ದೆ. ಬು ಕಂಡ ಬೇರೆ ಅಂಕಿ ಅಲ್ಲಿಂದಲೇ ಬಂದದ್ದು.

ಒಂದೇ ಸಾಲು. ಅದನ್ನು ಸೇರಿಸಿ, 'ಸಣ್ಣಪುಟ್ಟ ಸ್ವಚ್ಛತೆ' ಎಂದು ಟಿಪ್ಪಣಿ ಬರೆದು ಸುಮ್ಮನಾದೆ. ಮರೆವು ಯಾರಿಗಿಲ್ಲ? ಇವತ್ತಿಗೂ ನನಗೆ ನಾಚಿಕೆಯಾಗುವುದು ಆ ಟಿಪ್ಪಣಿಗೆ. ಆಮೇಲೆ ಬಾಗಿಲಲ್ಲಿ ಅವರು ನಕ್ಕಾಗಲೆಲ್ಲ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಉಪವಾಸದ ಕೊನೆಗೆ ಬರುವ ಲೆಬಾರನ್ ಹಬ್ಬ ಮುಗಿದು ಆಫೀಸು ತೆರೆದ ದಿನ ಸಾಲಾಗಿ ನಿಂತು ಒಬ್ಬರಿಗೊಬ್ಬರು ಕೈಹಿಡಿದು ಕ್ಷಮೆ ಕೇಳುತ್ತೇವೆ. ಯಾವ ತಪ್ಪಿಗೆ ಎಂದು ಯಾರೂ ವಿಚಾರಿಸುವುದಿಲ್ಲ. ನನ್ನಂಥವನಿಗೆ ಅದೇ ಅನುಕೂಲ. ಹಿರಿಯರಾದ ಬು ಮುಂದೆ ಬಾಗಿ ವಾಡಿಕೆಯ ಮಾತು ಒದರಿದೆ. ತಲೆ ಎತ್ತಿದರೆ ಅವರ ಮೂಗಿನ ಮೇಲೆ ಹೊಸ ಕನ್ನಡಕ.

"ನೀವೇ ಕ್ಷಮಿಸ್ಬೇಕು, ಮಾಸ್. ಅವತ್ತು ನಿಮ್ ಟೈಮ್ ಹಾಳು ಮಾಡ್ದೆ. ಕಣ್ ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದ್ರು. ನೀವು ಹೇಳಿದ್ರಲ್ಲಾ ಅಂತ ಹಾಕ್ಕೊಂಡಿದೀನಿ. ಬಾಟಿಕ್ ನೋಡೋ ಕೆಲ್ಸಕ್ಕೆ ಒಬ್ರು ಕರೆದಿದ್ರು, ಈ ಕಣ್ಣಲ್ಲಿ ನಂಗಾಗಲ್ಲ ಅಂದ್ಬಿಟ್ಟೆ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನನ್ನ ಹಿಂದೆ ಇಡೀ ಆಫೀಸು ಸಾಲಾಗಿ ನಿಂತಿತ್ತು.

"ನಿಮ್ ಕಣ್ಣು ಸರಿಯಾಗೇ ಇತ್ತು, ಬು," ಎಂದೆ, ಈ ಸಲವೂ ಎಲ್ಲರಿಗೂ ಕೇಳುವಂತೆ. "ತಪ್ಪು ನಂದು. ಗೊತ್ತಾದ್ಮೇಲೂ ಮುಚ್ಚಿಟ್ಟೆ."

ಯಾರೂ ನಗಲಿಲ್ಲ. ಅವರು ಕೈ ಬಿಡಿಸಿಕೊಂಡು ಕನ್ನಡಕ ತೆಗೆದರು.

"ಕ್ಷಮೆ ಆಮೇಲೆ ನೋಡೋಣ. ಮೊದ್ಲು ಆ ಪುಸ್ತಕ ತನ್ನಿ. ಕೆಂಪು ಗೆರೆ ಪಕ್ಕ ನಿಮ್ ಕೈಯಾರೆ ಬರೀರಿ, ನಾನು ಬರೆದಿದ್ದು ಸರಿ ಅಂತ."

ಬರೆದೆ. ಅವರು ಅದನ್ನು ಬರಿಗಣ್ಣಿನಲ್ಲೇ ಓದಿದರು, ಎರಡು ಸಲ.