ಮಂಗಳಾರತಿ ಮುಗಿಯುವ ತನಕ ಏಳದ ಲ್ಯಾಪ್‌ಟಾಪ್

“ಮಮ್ಮಿ, ಸ್ಕ್ರೀನ್ ಮತ್ತ ಕರ್ರಗಾತು!” ಮಗಳು ಅಳುವುದೊಂದೇ ಬಾಕಿ. ಬಿ.ಎಡ್. ಅರ್ಜಿ ಹಾಕಲು ಅದೇ ಕೊನೆಯ ದಿನ. ಹಿಂದಿನ ದಿನವಷ್ಟೇ ರಾಯಚೂರಿನಲ್ಲಿ ಲ್ಯಾಪ್‌ಟಾಪ್‌ಗೆ ಫೈಲುಗಳನ್ನಿಡುವ ಹೊಸ ಎಸ್‌ಎಸ್‌ಡಿ ಕೂಡಿಸಿ, ಆಪರೇಟಿಂಗ್ ಸಿಸ್ಟಮ್ ಹಾಕಿಸಿ ಮಾನ್ವಿಗೆ ತಂದಿದ್ದೆವು. ಅಂಗಡಿಯ ಭಾಯ್‌ಗೆ ಫೋನ್ ಹಚ್ಚಿದೆ.

“ಭಾಭಿ, ಅದಕ್ಕೊಂದು ಪೆನ್‌ಡ್ರೈವ್ ಚುಚ್ಚಿತ್ತಲ್ರಿ, ತೆಗದೀರೇನು? ತಪ್ಪು ನಂದs. ಲ್ಯಾಪ್‌ಟಾಪ್ ಶುರು ಆಗೋ ಫೈಲು ಎಸ್‌ಎಸ್‌ಡಿ ಬಿಟ್ಟು ಅದರಾಗ ಹೋಗಿ ಕುಂತಾವ.”

ಆ ಪೆನ್‌ಡ್ರೈವ್ ನಮ್ಮ ಅತ್ತೆಯ ಭಜನೆಯದು; ಲ್ಯಾಪ್‌ಟಾಪಿಗೆ ಚುಚ್ಚಿಕೊಂಡೇ ಅಂಗಡಿಗೂ ಹೋಗಿಬಂದಿತ್ತು. ಬೆಳಿಗ್ಗೆಯೇ ಅದನ್ನು ಕಿತ್ತುಕೊಂಡು ಹೋಗಿ, ದೇವರ ಮನೆಯ ಸ್ಪೀಕರಿಗೆ ಸಿಕ್ಕಿಸಿ ಭಜನೆ ಹಚ್ಚಿದ್ದರು. ಕೇಳಿದರೆ ಕಣ್ಣೂ ತೆರೆಯದೆ, “ಮಂಗಳಾರತಿ ಆಗ್ಲಿ, ತಡೀರಿ” ಎಂದರು. ಭಜನೆ ಬೇಗ ಮುಗಿಯಲೆಂದು ಮಗಳು ಜೋರುಜೋರಾಗಿ ತಾಳ ಹಾಕಿದಳು. ಮೊಮ್ಮಗಳಿಗೆ ಭಕ್ತಿ ಬಂತೆಂದು ಅತ್ತೆ ಇನ್ನೊಂದು ಹಾಡು ಹಚ್ಚಿದರು!

ಕೊನೆಗೆ ಆರತಿ ಮುಗಿಸಿ, ಪೆನ್‌ಡ್ರೈವ್ ಕಣ್ಣಿಗೊತ್ತಿಕೊಂಡು ಕೊಟ್ಟರು. ಚುಚ್ಚಿದ್ದೇ ತಡ, ಲ್ಯಾಪ್‌ಟಾಪ್ ಎದ್ದು ಕುಳಿತಿತು. “ನೋಡು, ನನ್ನ ಭಜನಿ ಇಲ್ದ ಅದೂ ಏಳಂಗಿಲ್ಲ” ಎಂದು ಅತ್ತೆ ಬೀಗಿದರು. ಅರ್ಜಿ ಹೋಯಿತು.

ಆಮೇಲೆ ಭಾಯ್ ಆ ಫೈಲುಗಳನ್ನು ಎಸ್‌ಎಸ್‌ಡಿಗೇ ಹಾಕಿ ಸರಿಮಾಡಿಕೊಟ್ಟರು. ಈಗ ಪೆನ್‌ಡ್ರೈವ್ ಬೇಕಾಗಿಲ್ಲ. ಆದರೂ ಮಗಳು ಲ್ಯಾಪ್‌ಟಾಪ್ ತೆರೆದರೆ ಸಾಕು, ಅತ್ತೆ ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೆಗೆಯುತ್ತಾರೆ. ಅವಳೂ ಬೇಡವೆನ್ನದೆ ಕೈಯೊಡ್ಡುತ್ತಾಳೆ.